ಜಾರ್ಜಿಯಾ ಹಳ್ಳಿಯ ಬ್ಯಾಪ್ಟಿಸ್ಟ್ ಅಜ್ಜಿ ರಂಗದ ಮೇಲೆ: ಉಡುಪು, ರೊಟ್ಟಿ, ದೀಕ್ಷಾಸ್ನಾನ, ಮಣ್ಣು

‘ಮೂರನೇಗಂಟೆ’ ಎಂಬ ಹೆಸರಿನ ಸದಸ್ಯರು ಕೇಳಿದ್ದು:

ಹವ್ಯಾಸಿ ತಂಡಕ್ಕೆ ಒಂದು ನಾಟಕ ಸಿದ್ಧವಾಗುತ್ತಿದೆ. ಕಾಲ 1950ರಿಂದ 1962, ಜಾಗ ಅಮೆರಿಕದ ಜಾರ್ಜಿಯಾ ರಾಜ್ಯದ ನೈಋತ್ಯ ಮೂಲೆ, ಹತ್ತಿ ಮತ್ತು ಕಡಲೆಕಾಯಿ ಸೀಮೆ. ನಡುವಿನ ಪಾತ್ರ ಎಪ್ಪತ್ತು ದಾಟಿದ ಕಪ್ಪು ಅಮೆರಿಕನ್ ಅಜ್ಜಿ. ಅವರದು ಬಿಳಿಯ ಜಮೀನ್ದಾರನ ಹೊಲದಲ್ಲಿ ಪಾಲಿಗೆ ಬೇಸಾಯ ಮಾಡುವ ಮನೆ. ಊರಿನ ಬ್ಯಾಪ್ಟಿಸ್ಟ್ ಸಭೆಯಲ್ಲಿ (ಚರ್ಚಿನಲ್ಲಿ) ಅಜ್ಜಿಯ ಮಾತೆಂದರೆ ಮಾತು.

ಒಟ್ಟು ನಾಲ್ಕು ದೃಶ್ಯ: ಶನಿವಾರ ರಾತ್ರಿಯ ಅಡುಗೆಮನೆ, ಕರ್ತನ ಭೋಜನದ (ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ) ಭಾನುವಾರ, ಮೊಮ್ಮಗನ ದೀಕ್ಷಾಸ್ನಾನ (ಬ್ಯಾಪ್ಟಿಸಂ), ಅಜ್ಜಿಯ ಮಣ್ಣು. ಈಗಿನ ಕರಡಿನಲ್ಲಿ ಅಜ್ಜಿಯ ಕೊರಳಲ್ಲಿ ಶಿಲುಬೆಯ ಸರ ಇದೆ, ಮೊಣಕಾಲೂರಿ ಪ್ರಾರ್ಥಿಸುತ್ತಾರೆ, ಪಾದ್ರಿ ಕೈಕೂಸಿನ ತಲೆಗೆ ನೀರು ಚಿಮುಕಿಸುತ್ತಾರೆ, ಎಲ್ಲರೂ ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುತ್ತಾರೆ. ಎಲ್ಲೆಲ್ಲಿ ತಪ್ಪಿದೆ ಹೇಳಿ. ರಂಗಪರಿಕರದ ಮಟ್ಟದ ವಿವರ ಬೇಕು.

---

ಸಭಾಪುಸ್ತಕ:

ನೀವು ಬರೆದಿರುವುದು ಒಬ್ಬ ಕ್ಯಾಥೊಲಿಕ್ ಅಜ್ಜಿಯನ್ನು, ಅಲ್ಪಸ್ವಲ್ಪ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಬೆರೆಸಿ. ಕರ್ನಾಟಕದಲ್ಲಿ ನಾವು ನೋಡಿರುವುದು ಹೆಚ್ಚಾಗಿ ಅವರನ್ನೇ, ಹಾಗಾಗಿ ಸಹಜ. ಬ್ಯಾಪ್ಟಿಸ್ಟರಲ್ಲಿ ಕೈಕೂಸಿಗೆ ದೀಕ್ಷಾಸ್ನಾನವೇ ಇಲ್ಲ. ನಂಬಿದ್ದೇನೆ ಎಂದು ತನ್ನ ಬಾಯಿಂದ ಹೇಳಬಲ್ಲವರಿಗೆ ಮಾತ್ರ, ಅದೂ ಪೂರ್ತಿ ಮುಳುಗಿಸಿ. ಬಿಷಪ್ ಇಲ್ಲ, ದೃಢೀಕರಣ ಇಲ್ಲ, ಶಿಲುಬೆಯ ಗುರುತು ಹಾಕಿಕೊಳ್ಳುವುದಿಲ್ಲ. ಸರ ತೆಗೆಯಿರಿ. ಮೊಣಕಾಲೂರುವುದನ್ನು ಇಟ್ಟುಕೊಳ್ಳಬಹುದು. ಆದರೆ ಅದು ಸಭಾಸೇವಕರು (ಡೀಕನ್‌ಗಳು, ಸಭೆಯ ಕೆಲಸ ನೋಡಿಕೊಳ್ಳುವವರು) ಆರಾಧನೆಯ ಆರಂಭದಲ್ಲಿ ಕುರ್ಚಿಗೆ ಮೊಗವಿಟ್ಟು ಮೊಣಕಾಲೂರುವ ರೀತಿ, ಪೂಜಾಪೀಠದ ಮುಂದಿನದಲ್ಲ. ಆ ಕಟ್ಟಡದಲ್ಲಿ ಪೂಜಾಪೀಠವೇ ಇಲ್ಲ. ನಟ್ಟನಡುವೆ ಪ್ರಸಂಗಪೀಠ (ಪ್ರಸಂಗ ಎಂದರೆ ಉಪದೇಶ), ಅದರ ಕೆಳಗೆ ಒಂದು ಮರದ ಮೇಜು, ಅಷ್ಟೆ.

ಬ್ಯಾಪ್ಟಿಸ್ಟರಲ್ಲೂ ಯಾರು ಎಂಬುದು ಮುಖ್ಯ. ಗುಲಾಮರನ್ನಿಟ್ಟುಕೊಂಡವರು ಮಿಷನರಿಗಳಾಗಬಹುದೇ ಎಂಬ ಜಗಳದಲ್ಲಿ ದಕ್ಷಿಣದ ಬಿಳಿಯರು 1845ರಲ್ಲಿ ಇದೇ ಜಾರ್ಜಿಯಾದ ಆಗಸ್ಟಾದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಕಟ್ಟಿಕೊಂಡರು. 1973ರಲ್ಲಿ ನಮ್ಮ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ತೆರೆದದ್ದು ಆ ಪಂಗಡದ ವಿದೇಶ ಮಿಷನ್ ಮಂಡಳಿ. ನಿಮ್ಮ ಅಜ್ಜಿ ಅದರವರಲ್ಲ. ಕಪ್ಪು ಬ್ಯಾಪ್ಟಿಸ್ಟರು 1895ರಲ್ಲಿ ಅಟ್ಲಾಂಟಾದಲ್ಲಿ ಸೇರಿ ಕಟ್ಟಿದ ನ್ಯಾಷನಲ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಬೇರೆ.

ಇನ್ನು ಕರಡಿನಲ್ಲಿ ಕಾಣದ ಒಂದು ಸಂಗತಿ, ನಿಮ್ಮ ಇಡೀ ಕಾಲಗಣನೆ ಬದಲಾಗುತ್ತದೆ. ಹಳ್ಳಿ ಸಭೆಗೆ ಪೂರ್ಣಾವಧಿ ಸಭಾಪಾಲಕರನ್ನು (ಪಾಸ್ಟರ್) ಸಾಕುವ ಶಕ್ತಿ ಇರಲಿಲ್ಲ. ಒಬ್ಬರೇ ಎರಡು, ಮೂರು, ನಾಲ್ಕು ಸಭೆ ನೋಡಿಕೊಳ್ಳುತ್ತಿದ್ದರು. ಹಾಗಾಗಿ ಒಂದು ಸಭೆಗೆ ತಿಂಗಳಲ್ಲಿ ಒಂದೋ ಎರಡೋ ಭಾನುವಾರ ಮಾತ್ರ ಪ್ರಸಂಗ. ‘ನಮ್ಮದು ಮೂರನೇ ಭಾನುವಾರದ ಸಭೆ’ ಎಂದೇ ಜನ ಹೇಳುವುದು. ಉಳಿದ ಭಾನುವಾರ ಸಂಡೇ ಸ್ಕೂಲ್, ಇಲ್ಲವೇ ಪಕ್ಕದ ಊರಿನ ಸಭೆಗೆ ನಡಿಗೆ. ಪ್ರಸಂಗದ ಹಿಂದಿನ ಶನಿವಾರ ಸಭೆಯ ಆಡಳಿತ ಕೂಟ: ಲೆಕ್ಕ, ಸದಸ್ಯರ ಸೇರ್ಪಡೆ, ತಪ್ಪು ಮಾಡಿದವರ ವಿಚಾರಣೆ. ಸಭಾಪಾಲಕರನ್ನು ಕರೆಸುವುದೂ ಕಳಿಸುವುದೂ ಮತದಿಂದ. ತಿಂಗಳಿಗೊಮ್ಮೆ ಬಂದು ಹೋಗುವವರು ಸಭಾಪಾಲಕರು, ಮೂವತ್ತು ದಿನವೂ ಊರಲ್ಲಿ ಇರುವವರು ಅಜ್ಜಿ. ಅವರ ಮಾತಿಗೆ ತೂಕ ಬರುವುದು ಅಲ್ಲಿಂದ.

ಅವರ ಹುದ್ದೆಯ ಹೆಸರು ‘ಮದರ್ ಆಫ್ ದ ಚರ್ಚ್’. ನೇಮಕಪತ್ರ ಇಲ್ಲ, ಸಂಬಳ ಇಲ್ಲ, ಪ್ರಸಂಗಪೀಠ ಹತ್ತುವಂತಿಲ್ಲ. ಮಾತಾಡಬೇಕಾದರೆ ಕೆಳಗೆ ನೆಲದ ಮೇಲೆ ನಿಂತೇ. ಒಂದು ಬದಿಯ ಮುಂದಿನ ಬೆಂಚುಗಳಲ್ಲಿ ಸಭಾಸೇವಕರು, ಎದುರು ಬದಿಯಲ್ಲಿ ಈ ತಾಯಂದಿರು. ಪ್ರಸಂಗ ಸಪ್ಪೆಯಾದರೆ ಅವರ ಬೀಸಣಿಗೆ ಜೋರಾಗುತ್ತದೆ. ಬೀಸಣಿಗೆ ಮರದ ಕಡ್ಡಿಗೆ ಹೊಡೆದ ರಟ್ಟು, ಹಿಂಬದಿಯಲ್ಲಿ ಶವಸಂಸ್ಕಾರ ಮಾಡಿಸುವ ಅಂಗಡಿಯ ಜಾಹೀರಾತು. ಅಗ್ಗದ ಪರಿಕರ, ಇಪ್ಪತ್ತು ಮಾಡಿಸಿಕೊಳ್ಳಿ.

---

ಗಂಜಿಬಟ್ಟೆ:

ಎರಡನೇ ದೃಶ್ಯಕ್ಕೆ ನನ್ನ ಪಾಲು. ಒಂದೇ ಬಟ್ಟಲು ಬೇಡ. ಈ ಹೊತ್ತಿಗೆ ಹೆಬ್ಬೆರಳಿನ ಗಾತ್ರದ ಗಾಜಿನ ಲೋಟಗಳು ಬಂದಿವೆ, ತೂತುಗಳಿರುವ ದುಂಡು ತಟ್ಟೆಗೆ 40ರ ಹತ್ತಿರ ಕೂರುತ್ತವೆ, ತಟ್ಟೆಗಳು ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ. ಮೂರರಲ್ಲಿ ಎರಡು ಪಾಲಷ್ಟೇ ತುಂಬಬೇಕು. ಅಂಚಿನವರೆಗೆ ತುಂಬಿದರೆ ಮೇಲಿನ ತಟ್ಟೆಯ ತಳ ತಗುಲಿ ಚೆಲ್ಲುತ್ತದೆ, ಮೇಜಿನ ಬಿಳಿ ಹಾಸಿನ ಮೇಲೆ ನೇರಳೆ ಕಲೆ. ಅಜ್ಜಿ ಹೊಸ ಸೊಸೆಯನ್ನು ಗದರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಸಿಗದು.

ಕಲೆ ತೆಗೆಯುವ ಕ್ರಮ: ಸೋಪು ಮುಟ್ಟಿಸಬಾರದು, ಹಣ್ಣಿನ ಒಗರು ಸೋಪಿಗೆ ಕಚ್ಚಿ ಕೂತುಬಿಡುತ್ತದೆ. ಕಲೆ ಬಿದ್ದ ಭಾಗವನ್ನು ಬೋಗುಣಿಯ ಬಾಯಿಗೆ ಬಿಗಿಯಾಗಿ ಕಟ್ಟಿ, ಒಂದೂವರೆ ಅಡಿ ಎತ್ತರದಿಂದ ಕುದಿಯುವ ನೀರನ್ನು ಧಾರೆಯಾಗಿ ಹೊಯ್ಯಬೇಕು. ಆಮೇಲೆ ಒಗೆತ. ಗಂಜಿಗೆ ಎರಡು ದೊಡ್ಡ ಚಮಚ ಸ್ಟಾರ್ಚ್ ಪುಡಿಯನ್ನು ಮೊದಲು ತಣ್ಣೀರಲ್ಲಿ ಕದಡಿ, ಮೇಲೆ ಸುಮಾರು ಒಂದು ಲೀಟರ್ ಕುದಿನೀರು. ನೇರ ಬಿಸಿನೀರಿಗೆ ಹಾಕಿದರೆ ಗಂಟು, ಗಂಟಿದ್ದಲ್ಲಿ ಇಸ್ತ್ರಿ ಅಂಟಿ ಹಳದಿ ಮಚ್ಚೆ. ಪೂರ್ತಿ ಒಣಗಿದ ಮೇಜಿನ ಬಟ್ಟೆಗೆ ನೀರು ಚಿಮುಕಿಸಿ, ಸುರುಳಿ ಸುತ್ತಿ, ಒಂದು ತಾಸು ಬಿಟ್ಟು ಇಸ್ತ್ರಿ. ದಯವಿಟ್ಟು ನಮ್ಮ ಕೆಂಡದ ಇಸ್ತ್ರಿಪೆಟ್ಟಿಗೆ ರಂಗಕ್ಕೆ ತರಬೇಡಿ. ಅಲ್ಲಿನದು ಗಟ್ಟಿ ಕಬ್ಬಿಣದ ತುಂಡು, ಸೌದೆ ಒಲೆಯ ಮೇಲಿಟ್ಟು ಕಾಯಿಸುವುದು. ಎರಡಿರಬೇಕು, ಒಂದು ಕೈಯಲ್ಲಿದ್ದರೆ ಇನ್ನೊಂದು ಒಲೆಯ ಮೇಲೆ.

ರೊಟ್ಟಿ ಹುಳಿಯಿಲ್ಲದ್ದು, ಅಜ್ಜಿಯೇ ಮಾಡುವುದು. ಒಂದು ಕಪ್ ಮೈದಾ, ಕಾಲು ಚಮಚ ಉಪ್ಪು, ಕಪ್ಪಿನ ಮೂರನೇ ಒಂದು ಪಾಲು ಗಟ್ಟಿ ಕೊಬ್ಬು, ಮೂರು ದೊಡ್ಡ ಚಮಚ ತಣ್ಣೀರು. ಕೊಬ್ಬನ್ನು ಬೆರಳ ತುದಿಯಲ್ಲಿ ಉದುರುದುರಾಗಿ ಬೆರೆಸಿ, ನೀರು ಹಾಕಿದ ಮೇಲೆ ನಾದದೆ ಒತ್ತಿ ಸೇರಿಸಬೇಕು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಚರ್ಮದಂತೆ ಆಗುತ್ತದೆ. ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಫೋರ್ಕಿನಿಂದ ಮೈತುಂಬ ಚುಚ್ಚಿ, ಚಾಕುವಿನಿಂದ ಚೌಕ ಚೌಕ ಗೆರೆ ಎಳೆದು, 200 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಚುಚ್ಚದಿದ್ದರೆ ಪೂರಿಯಂತೆ ಉಬ್ಬಿ ಮುರಿಯುವಾಗ ಪುಡಿಯಾಗುತ್ತದೆ.

ಉಡುಪು: ಭೋಜನದ ಭಾನುವಾರ ತಾಯಂದಿರು ತಲೆಯಿಂದ ಕಾಲವರೆಗೆ ಬಿಳಿ. ಉಡುಪು, ಟೋಪಿ, ಕಾಲುಚೀಲ ಎಲ್ಲ. ಬೇರೆ ಭಾನುವಾರ ಬಿಳಿ ಹಾಕಿಸಿದರೆ ಆ ದೃಶ್ಯದ ಬೆಲೆ ಹೋಗುತ್ತದೆ. ಮೇಜನ್ನು ಪೂರ್ತಿ ಮುಚ್ಚಿದ ಹಾಸನ್ನು ಇಬ್ಬರು ಹೆಂಗಸರು ಎರಡು ತುದಿ ಹಿಡಿದು, ಮಾತಿಲ್ಲದೆ, ಒಂದೇ ಲಯದಲ್ಲಿ ಮಡಿಸಿ ತೆಗೆಯುತ್ತಾರೆ. ಅದನ್ನು ಅವಸರಪಡಿಸಬೇಡಿ.

---

ಕಾಯಿಪಲ್ಲೆ:

ಗಂಜಿಬಟ್ಟೆಯವರ ಮಾತಿಗೆ ಒಂದು ಸೇರ್ಪಡೆ. ಭೋಜನ ಎಂದರೆ ‘ತಿಂಗಳ ಮೊದಲ ಭಾನುವಾರ’ ಎಂದು ಎಲ್ಲೆಡೆ ಓದುತ್ತೀರಿ, ಅದು ಪಟ್ಟಣದ ಸಭೆಗಳ ರೂಢಿ. ಮೂರನೇ ಭಾನುವಾರದ ಸಭೆಯಾದರೆ ಭೋಜನವೂ ಮೂರನೇ ಭಾನುವಾರವೇ, ಸಭಾಪಾಲಕರು ಬರುವುದೇ ಅಂದು. ಇನ್ನು ಲೋಟದಲ್ಲಿ ಏನು? ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ ಸಭಾ ಒಡಂಬಡಿಕೆಯಲ್ಲಿ (1853ರಲ್ಲಿ ಜೆ. ನ್ಯೂಟನ್ ಬ್ರೌನ್ ಪ್ರಕಟಿಸಿದ ಪಾಠ, ಭೋಜನದ ದಿನ ಎಲ್ಲರೂ ನಿಂತು ಓದುವುದು) ಮದ್ಯ ಮಾರುವುದಿಲ್ಲ, ಕುಡಿಯುವುದಿಲ್ಲ ಎಂಬ ಮಾತಿದೆ. ಹಾಗಾಗಿ ಸೀಸೆಯ ದ್ರಾಕ್ಷಿ ರಸ. ಮನೆಯಲ್ಲೇ ಮಾಡಿದ ಹಣ್ಣಿನ ವೈನ್ ಬಳಸಿದ ಹಳ್ಳಿಗಳೂ ಇದ್ದವು, ಆದರೆ ನಾಟಕಕ್ಕೆ ರಸವೇ ಕ್ಷೇಮ.

ಶನಿವಾರ ರಾತ್ರಿ. ಭಾನುವಾರ ಕತ್ತರಿ, ಸೂಜಿ, ಇಸ್ತ್ರಿ ಮುಟ್ಟದ ಮನೆ ಅದು, ಎಲ್ಲ ಕೆಲಸ ಹಿಂದಿನ ರಾತ್ರಿಗೇ. ತಗಡಿನ ತೊಟ್ಟಿಯಲ್ಲಿ ಮಕ್ಕಳ ಸ್ನಾನ, ಪಾಲಿಶ್ ಹಾಕಿದ ಬೂಟು, ಕೆಂಡದ ಹತ್ತಿರ ಕಾಯಿಸಿದ ಕಬ್ಬಿಣದ ಬಾಚಣಿಗೆಯಿಂದ ಹುಡುಗಿಯರ ಕೂದಲು ನೇರ ಮಾಡುವುದು. ಕಾಲರ್ಡ್ ಸೊಪ್ಪನ್ನು (ಎಲೆಕೋಸಿನ ಜಾತಿಯದು) ಮೂರು ನೀರಲ್ಲಿ ತೊಳೆಯಬೇಕು, ಮರಳು ಎಲೆಯ ನರಗಳಲ್ಲಿ ಕೂರುತ್ತದೆ. ಉಪ್ಪು ಹಾಕಿದ ಹಂದಿಕೊಬ್ಬಿನ ತುಂಡಿನೊಡನೆ ಒಂದೂವರೆ ಎರಡು ತಾಸು. ಉಳಿದ ನೀರನ್ನು ಚೆಲ್ಲುವುದಿಲ್ಲ, ಮೆಕ್ಕೆಜೋಳದ ರೊಟ್ಟಿ ಅದ್ದಿ ತಿನ್ನುವುದು ಅದರಲ್ಲೇ. ಬಸ್ಸಾರಿನ ಕಟ್ಟು ಬಲ್ಲ ಪ್ರೇಕ್ಷಕರಿಗೆ ವಿವರಿಸಬೇಕಿಲ್ಲ.

ಪೌಂಡ್ ಕೇಕ್: ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ ತಲಾ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ. ಮೊಟ್ಟೆ ಎಂಟೊಂಬತ್ತು ಬೀಳುತ್ತವೆ. ಸೌದೆ ಒಲೆಗೆ ಶಾಖಮಾಪಕ ಇಲ್ಲ. ತಟ್ಟೆಯಲ್ಲಿ ಹಿಟ್ಟು ಉದುರಿಸಿ ಒಳಗಿಟ್ಟರೆ ಐದು ನಿಮಿಷದಲ್ಲಿ ತಿಳಿ ಬಣ್ಣಕ್ಕೆ ತಿರುಗಬೇಕು, ಕಪ್ಪಾದರೆ ಬಾಗಿಲು ತೆರೆದು ಕಾಯಬೇಕು. ಈಗಿನ ಲೆಕ್ಕದಲ್ಲಿ 160 ಡಿಗ್ರಿ, ಒಂದೂಕಾಲರಿಂದ ಒಂದೂವರೆ ತಾಸು. ಬೇಗ ತೆಗೆದರೆ, ಇಲ್ಲವೇ ಬೆಣ್ಣೆ ತಣ್ಣಗಿದ್ದು ಸಕ್ಕರೆಯೊಡನೆ ಹಗುರಾಗದಿದ್ದರೆ, ತಳದಲ್ಲಿ ಬೇಯದ ಒದ್ದೆ ಪಟ್ಟಿ ಉಳಿಯುತ್ತದೆ. ಆ ಪಟ್ಟಿಯನ್ನು ಅಲ್ಲಿ ‘ಸ್ಯಾಡ್ ಸ್ಟ್ರೀಕ್’ ಅನ್ನುತ್ತಾರೆ. ಮಕ್ಕಳು ಅದಕ್ಕೇ ಕಿತ್ತಾಡುವುದು ಬೇರೆ ಮಾತು.

ಹಿನ್ನೆಲೆಯ ಕಪಾಟಿನಲ್ಲಿ ಗಾಜಿನ ಸೀಸೆಗಳಿರಲಿ, ಚಳಿಗಾಲಕ್ಕೆ ಕಾಪಿಟ್ಟದ್ದು. ಹುಳಿ ಇರುವ ಪೀಚ್ ಹಣ್ಣಿಗೆ ಕುದಿನೀರಿನ ಪಾತ್ರೆ ಸಾಕು. ಹುರುಳಿಕಾಯಿಗೆ ಸಾಲದು, ಒತ್ತಡದ ಪಾತ್ರೆಯೇ ಬೇಕು: ಮೊದಲು ಹತ್ತು ನಿಮಿಷ ಆವಿ ಬಿಟ್ಟು ಗಾಳಿ ಹೊರಹಾಕಿ, ಆಮೇಲೆ ಹತ್ತು ಪೌಂಡ್ ಒತ್ತಡದಲ್ಲಿ ಪೈಂಟ್ (ಸುಮಾರು ಅರ್ಧ ಲೀಟರ್) ಸೀಸೆಗೆ 20 ನಿಮಿಷ, ಕ್ವಾರ್ಟ್ (ಸುಮಾರು ಒಂದು ಲೀಟರ್) ಸೀಸೆಗೆ 25. ಗಾಳಿ ಒಳಗೇ ಉಳಿದರೆ ಮುಳ್ಳು ಹತ್ತು ತೋರಿಸಿದರೂ ಒಳಗಿನ ಶಾಖ ಕಡಿಮೆ, ಬಾಟ್ಯುಲಿಸಂ ವಿಷ ಮಾಡುವ ಜೀವಾಣುವಿನ ಬೀಜಕ ಸಾಯುವುದಿಲ್ಲ. ಒಂದು ಮನೆಗೆ ಆ ಪಾತ್ರೆ ದುಬಾರಿ. ನಾಲ್ಕಾರು ಮನೆಯವರು ಒಂದನ್ನೇ ಹಂಚಿಕೊಂಡಂತೆ ತೋರಿಸಿದರೆ ಆ ರಾತ್ರಿ ಅಡುಗೆಮನೆಗೆ ನೆರೆಯವರು ಬರಲು ಕಾರಣವೂ ಸಿಕ್ಕಿತು.

---

ಮೂರನೇಗಂಟೆ:

ಇಷ್ಟು ಸಿಗುತ್ತದೆಂದು ಎಣಿಸಿರಲಿಲ್ಲ. ಹಾಗಾದರೆ ಮೊಮ್ಮಗ ಕೈಕೂಸಲ್ಲ. ಎಷ್ಟು ವಯಸ್ಸಿನವನನ್ನಾಗಿ ಮಾಡಲಿ? ಮುಳುಗಿಸುವುದನ್ನು ರಂಗದಲ್ಲಿ ತೋರಿಸುವಾಗ ಯಾರು ಎಲ್ಲಿ ನಿಲ್ಲಬೇಕು? ಇನ್ನೊಂದು: ‘ಮದರ್’, ‘ಸಿಸ್ಟರ್’ ಇವನ್ನು ಕನ್ನಡದಲ್ಲಿ ಹಾಗೇ ಇಡಬಹುದೇ?

---

ಸಭಾಪುಸ್ತಕ:

ಹನ್ನೆರಡು ವರ್ಷ ಮಾಡಿ. ತನ್ನ ಪಾಪಕ್ಕೆ ತಾನೇ ಉತ್ತರ ಕೊಡಬೇಕಾದ ವಯಸ್ಸು ಎಂದು ಹಳ್ಳಿಗಳಲ್ಲಿ ಎಣಿಸುತ್ತಿದ್ದದ್ದು ಅದನ್ನೇ. ಕಾಲ ಆಗಸ್ಟ್. ಹತ್ತಿಗೆ ಕೊನೆಯ ಕಳೆ ತೆಗೆದು, ಬಿಡಿಸಲು ಇನ್ನೂ ಸಮಯ ಇರುವ ಬಿಡುವಿನಲ್ಲಿ ಒಂದು ವಾರದ ಉಜ್ಜೀವನ ಕೂಟ (ನಂಬಿಕೆಯನ್ನು ಹುರಿದುಂಬಿಸುವ ‘ರಿವೈವಲ್’), ಪ್ರತಿ ರಾತ್ರಿ. ಇನ್ನೂ ರಕ್ಷಣೆ ಹೊಂದದ ಮಕ್ಕಳನ್ನು ಮುಂದಿನ ಒಂದು ಬೆಂಚಿನಲ್ಲಿ ಸಾಲಾಗಿ ಕೂರಿಸುತ್ತಾರೆ, ಅದಕ್ಕೆ ‘ಮೋರ್ನರ್ಸ್ ಬೆಂಚ್’ ಎಂದು ಹೆಸರು. ತಾಯಂದಿರು ಸುತ್ತ ನಿಂತು ಪ್ರಾರ್ಥಿಸುತ್ತಾರೆ, ಹಾಡುತ್ತಾರೆ, ಬಿಡುವುದಿಲ್ಲ. ಒಬ್ಬೊಬ್ಬರಾಗಿ ಎದ್ದು ತಮಗಾದ ಅನುಭವ ಹೇಳಬೇಕು. ಎದ್ದ ಮೇಲೆ ಸಭೆ ಮತ ಹಾಕಿ ‘ದೀಕ್ಷಾಸ್ನಾನದ ಷರತ್ತಿಗೆ ಒಳಪಟ್ಟು’ ಸೇರಿಸಿಕೊಳ್ಳುತ್ತದೆ, ಗುಮಾಸ್ತ ಪುಸ್ತಕದಲ್ಲಿ ಬರೆಯುತ್ತಾನೆ. ಗೆಳೆಯರೆಲ್ಲ ಎದ್ದು, ಏನೂ ಅನುಭವವಾಗದ ಹುಡುಗ ಒಬ್ಬನೇ ಉಳಿದ ಬೆಂಚು, ಎದುರಿಗೆ ಅಜ್ಜಿ. ಮೂರನೇ ದೃಶ್ಯವನ್ನು ನೀರಿಗಿಂತ ಮೊದಲು ಅಲ್ಲಿಂದ ಶುರು ಮಾಡಿ ಎನ್ನುವುದು ನನ್ನ ಸಲಹೆ.

ಆ ಹಾಡಿಗೆ ಪಿಯಾನೊ ಬೇಡ. ಸಭಾಸೇವಕ ಎರಡು ಸಾಲನ್ನು ವೇಗವಾಗಿ, ಅರ್ಧ ಮಾತಿನಂತೆ ಹೇಳುತ್ತಾನೆ. ಸಭೆ ಅದನ್ನೇ ಎಳೆದೆಳೆದು, ಒಂದೊಂದು ಅಕ್ಷರವನ್ನು ಹಲವು ಸ್ವರಕ್ಕೆ ಹಬ್ಬಿಸಿ ಹಾಡುತ್ತದೆ. ಸಾಮಾನ್ಯ ಛಂದಸ್ಸು 8-6-8-6 ಅಕ್ಷರ. ಇದು ಕೀರ್ತನೆಗಳನ್ನು ಬರೆದ ಐಸಾಕ್ ವಾಟ್ಸ್ (1674–1748) ಕಾಲದ ಇಂಗ್ಲಿಷ್ ಪದ್ಧತಿ, ದನಿ ಮಾತ್ರ ಆಫ್ರಿಕನ್ ಮೂಲದವರದು. ಪದ ಮುಗಿದ ಮೇಲೆ ಬಾಯಿ ಮುಚ್ಚಿ ಅದೇ ರಾಗವನ್ನು ಗುನುಗುತ್ತಾರೆ. ಕಾಲಿನ ತಾಳ ಮರದ ನೆಲಕ್ಕೆ ಕೇಳಿಸಬೇಕು, ಹಾಗಾಗಿ ರಂಗದ ಮೇಲೆ ಜಮಖಾನ ಹಾಸಬೇಡಿ.

---

ಗಂಜಿಬಟ್ಟೆ:

ನೀರಿನ ದೃಶ್ಯ. ಮೊದಲು ಇಳಿಯುವವನು ಹಿರಿಯ ಸಭಾಸೇವಕ, ಕೈಯಲ್ಲಿ ಉದ್ದ ಕೋಲು. ಗುಂಡಿ, ಬೇರು, ಜಾರು ಎಲ್ಲಿದೆ ಎಂದು ಕುಟ್ಟಿ ನೋಡುತ್ತಾನೆ, ಹಾವನ್ನೂ ಓಡಿಸುತ್ತಾನೆ. ಆ ತೊರೆಗಳಲ್ಲಿ ಕಾಟನ್‌ಮೌತ್ ಎಂಬ ವಿಷದ ಹಾವುಂಟು. ಸಭಾಪಾಲಕರ ಸೊಂಟಕ್ಕಿಂತ ತುಸು ಮೇಲೆ ನೀರು ಸಿಕ್ಕಲ್ಲಿ ಕೋಲು ನೆಡುತ್ತಾನೆ. ಎಲ್ಲರೂ ಒಂದೇ ಜಾಡಿನಲ್ಲಿ ಇಳಿಯಬೇಕು, ಅಡ್ಡಾದಿಡ್ಡಿ ನಡೆದರೆ ಕೆಸರೆದ್ದು ಬಿಳಿ ಬಟ್ಟೆ ಕಂದಾಗುತ್ತದೆ.

ನಿಲುವಂಗಿ ಹಳೆಯ ಹಾಸಿಗೆ ಹೊದಿಕೆಯಿಂದಲೋ ಹಿಟ್ಟಿನ ಚೀಲದಿಂದಲೋ ಹೊಲಿದ ಬಿಳಿ ಹತ್ತಿಯದು, ತಲೆಗೂ ಬಿಳಿ ಬಟ್ಟೆ. ಅಂಚಿನ ಮಡಿಕೆಯೊಳಗೆ ಮೀನುಗಾಳದ ಸೀಸದ ಗುಂಡು ನಾಲ್ಕಾರು ಇಟ್ಟು ಹೊಲಿಯಬೇಕು. ಇಲ್ಲದಿದ್ದರೆ ನೀರಿಗಿಳಿದೊಡನೆ ಗಾಳಿ ಸೇರಿ ಅಂಗಿ ಬುಗ್ಗೆಯಂತೆ ಮೇಲೇಳುತ್ತದೆ, ದಡದಲ್ಲಿ ಊರೇ ನಿಂತಿರುತ್ತದೆ. ಅದನ್ನು ಹೊಲಿದದ್ದು ಅಜ್ಜಿ ಎಂದಿರಲಿ.

ಮುಳುಗಿಸುವ ಕ್ರಮ: ಹುಡುಗ ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿ, ಒಂದರಲ್ಲಿ ಮೂಗಿಗೆ ಹಿಡಿಯುವ ಕರವಸ್ತ್ರ. ಸಭಾಪಾಲಕರ ಒಂದು ಕೈ ಅವನ ಕತ್ತಿನ ಹಿಂದೆ, ಇನ್ನೊಂದು ಕಟ್ಟಿದ ಕೈಗಳ ಮೇಲೆ. ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’ ಎಂದು ಹಿಂದಕ್ಕೆ ಒರಗಿಸಿ, ಮುಖ ಪೂರ್ತಿ ಮುಳುಗಿದೊಡನೆ ಎತ್ತುವುದು. ಹುಡುಗನ ತಲೆ ಹೊಳೆ ಹರಿದು ಬರುವ ಕಡೆಗಿರಬೇಕು. ಆಗ ಹರಿವು ಬೆನ್ನಿಗೆ ಒತ್ತಿ ಎಬ್ಬಿಸಲು ನೆರವಾಗುತ್ತದೆ, ಮೂಗಿಗೂ ನುಗ್ಗುವುದಿಲ್ಲ. ಸಾಮಾನ್ಯವಾಗಿ ಕೆಡುವುದು ಒಂದೇ ಕಾರಣಕ್ಕೆ: ಮೊಣಕಾಲು ಮಡಿಸದೆ ನೆಟ್ಟಗೆ ಹಿಂದಕ್ಕೆ ಬಿದ್ದರೆ ಪಾದ ನೆಲ ಬಿಟ್ಟು ಮೇಲೆ ಬರುತ್ತದೆ, ಹೆದರಿ ಕೈ ಬಡಿಯುತ್ತಾರೆ. ಅದಕ್ಕೇ ಇನ್ನೊಂದು ಬದಿಗೆ ಒಬ್ಬ ಸಭಾಸೇವಕ ನಿಂತಿರುತ್ತಾನೆ.

ಅಜ್ಜಿ ನೀರಿಗಿಳಿಯುವುದಿಲ್ಲ. ದಡದಲ್ಲಿ ತಾಯಂದಿರು ಹೊದಿಕೆ ಹಿಡಿದು ಮರೆ ಮಾಡಿ, ಒದ್ದೆ ಬಟ್ಟೆ ಬಿಡಿಸಿ, ಒಣ ಬಟ್ಟೆ ತೊಡಿಸುತ್ತಾರೆ. ಮಗುವನ್ನು ನೀರಿನಿಂದ ಮೊದಲು ಬರಮಾಡಿಕೊಳ್ಳುವುದು ಅವರ ಕೈ. ರಂಗದಲ್ಲಿ ಇಬ್ಬರು ಹಿಡಿದ ನೀಲಿ ಬಟ್ಟೆ ಸಾಕು.

---

ಕಾಯಿಪಲ್ಲೆ:

ಕರೆಯುವ ಮಾತು ನಿಮ್ಮ ನಾಟಕದ ದೊಡ್ಡ ಗುಂಡಿ. ‘ಮದರ್’ ಅಂದೊಡನೆ ಕನ್ನಡ ಪ್ರೇಕ್ಷಕರಿಗೆ ಕಾನ್ವೆಂಟು, ‘ಸಿಸ್ಟರ್’ ಅಂದರೆ ಸನ್ಯಾಸಿನಿ ಅಥವಾ ನರ್ಸು. ಸಭೆಯೊಳಗೆ ಅಜ್ಜಿಯನ್ನು ‘ತಾಯಿ’, ಉಳಿದ ಹೆಂಗಸರನ್ನು ‘ಅಕ್ಕ’ ಎನ್ನಿಸಿ, ಬಹುವಚನ ಕೊಡಿ. ಬಿಳಿಯ ಅಂಗಡಿಯವನ ಮಾತು ಇನ್ನೂ ಕಷ್ಟ. ಆ ಕಾಲದಲ್ಲಿ ಬಿಳಿಯರು ಕಪ್ಪು ಹೆಂಗಸರಿಗೆ ‘ಮಿಸೆಸ್’ ಅನ್ನುತ್ತಿರಲಿಲ್ಲ. ಬರೀ ಹೆಸರು, ವಯಸ್ಸಾಗಿದ್ದರೆ ‘ಆಂಟಿ’. ಅದು ಅವಮಾನ. ಕನ್ನಡದಲ್ಲಿ ‘ಆಂಟಿ’, ‘ಚಿಕ್ಕಮ್ಮ’ ಎಂದರೆ ನೆಂಟಸ್ತಿಕೆಯಾಗಿ ಕೇಳಿಸಿ ಅವಮಾನ ಮಾಯವಾಗುತ್ತದೆ. ಇಪ್ಪತ್ತರ ಹುಡುಗನ ಬಾಯಲ್ಲಿ ಎಪ್ಪತ್ತರ ಅಜ್ಜಿಗೆ ಏಕವಚನ, ‘ಏನೇ, ಏನ್ ಬೇಕು’. ಅಷ್ಟು ಸಾಕು.

ಅಂಗಳದಲ್ಲಿ ಹುಲ್ಲು ಬೇಡ. ಬರಿ ಮಣ್ಣು, ಕಡ್ಡಿಗಳ ಪೊರಕೆಯಿಂದ ಗುಡಿಸಿದ ಗೆರೆ ಕಾಣಬೇಕು.

---

ಸಭಾಪುಸ್ತಕ:

ನಾಲ್ಕನೇ ದೃಶ್ಯ ಚಿಕ್ಕದಾಗಿ. ಸತ್ತ ಮರುದಿನವೇ ಮಣ್ಣು ಮಾಡಿಸಬೇಡಿ. ಮಕ್ಕಳು ಡೆಟ್ರಾಯಿಟ್, ಷಿಕಾಗೊ, ನ್ಯೂಯಾರ್ಕಿನಲ್ಲಿರುತ್ತಾರೆ, ತಂತಿ ಕಳಿಸಿ ರೈಲಿನಲ್ಲಿ ಬರುವವರೆಗೆ ಕಾಯುತ್ತಾರೆ. ದೇಹ ಕಪ್ಪು ಜನರದೇ ಶವಸಂಸ್ಕಾರದ ಅಂಗಡಿಯಲ್ಲಿ ಇರುತ್ತದೆ, ಹಿಂದಿನ ಸಂಜೆ ಮನೆಗೆ ತಂದು ರಾತ್ರಿಯಿಡೀ ಜನ ಕೂರುತ್ತಾರೆ. ಖರ್ಚು ಶವಸಂಸ್ಕಾರ ಸಂಘದ್ದು, ವಾರ ವಾರ ಕೆಲವು ಸೆಂಟ್ ಕಟ್ಟಿದ್ದು. ಆ ಚೀಟಿ ಪುಸ್ತಕ ಬೈಬಲಿನೊಳಗೆ ಇರಲಿ. ಹೂವು ಹೊರುವವರು ಹೆಂಗಸರು, ಪ್ರಸಂಗ ಕೊನೆಗೆ. ಗೋರಿಯಲ್ಲಿ ಪಾದ ಪೂರ್ವಕ್ಕೆ. ಮಣ್ಣಿನ ಮೇಲೆ ಕೊನೆಗೆ ಬಳಸಿದ ಬಟ್ಟಲು, ದೀಪ, ಚಿಪ್ಪು ಇಡುವ ಹಳೆಯ ರೂಢಿ ಆ ಸೀಮೆಯಲ್ಲಿ ಇತ್ತು. ಮುಂದಿನ ಭಾನುವಾರ ಅವರ ಬೆಂಚಿನ ಜಾಗಕ್ಕೆ ಬಟ್ಟೆ ಹೊದಿಸಿ ಖಾಲಿ ಬಿಡುವ ಸಭೆಗಳೂ ಇದ್ದವು.

---

ಮೂರನೇಗಂಟೆ:

ಕೊನೆಯ ಪ್ರಶ್ನೆ. 1962ರಲ್ಲಿ ಅಜ್ಜಿ ಮತದಾರರ ನೋಂದಣಿಗೆ ಬಂದ ಹುಡುಗರನ್ನು ಮನೆಯಲ್ಲಿ ಇಟ್ಟುಕೊಂಡರು ಎಂದು ಬರೆಯಬಹುದೇ?

---

ಸಭಾಪುಸ್ತಕ:

ಬರೆಯಬಹುದು, ಆದರೆ ಪಾಲಿನ ಬೇಸಾಯದ ಮನೆಯಲ್ಲಿ ಅಲ್ಲ. ಮನೆಯೂ ಜಮೀನ್ದಾರನದೇ, ತಿಳಿದ ದಿನವೇ ಹೊರಹಾಕುತ್ತಾನೆ. ವರ್ಷದ ಕೊನೆಯ ಲೆಕ್ಕದಲ್ಲಿ ಅಂಗಡಿ ಸಾಲ ತೋರಿಸಿ ಕೈಗೆ ಏನೂ ಕೊಡುವುದಿಲ್ಲ. ಅದೇ ಸೀಮೆಯ ಲೀ ಕೌಂಟಿಯಲ್ಲಿ (ಕೌಂಟಿ ಎಂದರೆ ಜಿಲ್ಲೆಯಂಥದ್ದು) ‘ಮಾಮಾ ಡಾಲಿ’ ಎಂದು ಹೆಸರಾದ ಡಾಲಿ ರೇನ್ಸ್ ಎಂಬ ಹಿರಿಯ ಸೂಲಗಿತ್ತಿ ಎಸ್.ಎನ್.ಸಿ.ಸಿ.ಯ (ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ವಿದ್ಯಾರ್ಥಿಗಳ ಸಂಘ) ಹುಡುಗ ಹುಡುಗಿಯರಿಗೆ ತಮ್ಮ ಹೊಲದ ಮನೆಯಲ್ಲಿ ಜಾಗ ಕೊಟ್ಟಿದ್ದರು. ಅದು ಅವರದೇ ಹೊಲ. ನಿಮಗೆ ಎರಡು ದಾರಿ: ಅಜ್ಜಿಗೆ ಸ್ವಂತದ ಸ್ವಲ್ಪ ಭೂಮಿ ಕೊಡಿ, ಇಲ್ಲವೇ ಹುಡುಗರನ್ನು ಮನೆಗೆ ಬಿಡದೆ ಸಭೆಯ ಕಟ್ಟಡದಲ್ಲಿ ಕೂಟ ನಡೆಸಲು ಶನಿವಾರದ ಆಡಳಿತ ಕೂಟದಲ್ಲಿ ಮತ ಗೆಲ್ಲಿಸಿ. ಎರಡನೆಯದೇ ಗಟ್ಟಿ ಎಂದು ನನಗನ್ನಿಸುತ್ತದೆ. ಕಟ್ಟಡ ಸಭೆಯ ಸ್ವತ್ತು, ಜಮೀನ್ದಾರನ ಹಂಗಿಲ್ಲ, ತೀರ್ಮಾನ ಸಭೆಯದೇ.

ಅದರ ಬೆಲೆಯೂ ಇತಿಹಾಸದಲ್ಲಿದೆ. ಆ ವರ್ಷ ಆಗಸ್ಟ್‌ನಲ್ಲಿ ಲೀ ಕೌಂಟಿಯ ಶೇಡಿ ಗ್ರೋವ್, ಸೆಪ್ಟೆಂಬರ್‌ನಲ್ಲಿ ಟೆರೆಲ್ ಕೌಂಟಿಯ ಮೌಂಟ್ ಆಲಿವ್, ಮೌಂಟ್ ಮೇರಿ ಬ್ಯಾಪ್ಟಿಸ್ಟ್ ದೇವಾಲಯಗಳನ್ನು ಸುಟ್ಟರು. ಎರಡನೇ ದೃಶ್ಯದ ಮೇಜಿನ ಹಾಸನ್ನು ಅಜ್ಜಿ ಒಗೆಯಲು ಮನೆಗೆ ಒಯ್ದದ್ದನ್ನು ಮೊದಲೇ ತೋರಿಸಿಟ್ಟರೆ, ಬೆಂಕಿಯ ಮರುದಿನ ಉಳಿದಿರುವುದು ಅದೊಂದೇ.